ದೈವದವರ ಹಂಡೆ

ನಾನು ಒಂದು ತಾಮ್ರದ ಹಂಡೆ. ಈಗ ಒಂದು ಮಗ್ಗುಲಿಗೆ ವಾಲಿ ಬಿದ್ದಿದ್ದೇನೆ, ಹೊಟ್ಟೆಯ ತುಂಬ ಬರೀ ಗಾಳಿ, ಹಾಗಾಗಿ ನನ್ನ ಮಾತು ಸ್ವಲ್ಪ ಗುಂಯ್‌ಗುಟ್ಟೀತು. ಬೇಸರ ಮಾಡಿಕೊಳ್ಳಬೇಡಿ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ತುಂಬಿದ್ದಷ್ಟು ಕಾಲ ನಾನೂ ಸುಮ್ಮನಿದ್ದೆ.

ನಾನು ಹುಟ್ಟಿದ್ದು ಕಂಚಗಾರ ಮೌನೇಶಪ್ಪನ ಕೈಯಲ್ಲಿ. ಅವನ ಹೆಸರಿಗೂ ಕಸುಬಿಗೂ ಏನೇನೂ ಸಂಬಂಧವಿರಲಿಲ್ಲ. ಬೆಳಗಾದರೆ ಠಣ ಠಣ ಎಂದು ಶುರು ಹಚ್ಚಿಕೊಂಡರೆ ಇಡೀ ಪೇಟೆಯ ಕಿವಿ ಗವ್ವೆನ್ನುತ್ತಿತ್ತು. ನಾನು ಮೊದಲು ಒಂದು ಚಪ್ಪಟೆ ತಗಡು. ಸುಟ್ಟ, ಬಡಿದ, ತಣಿಸಿದ, ಮತ್ತೆ ಸುಟ್ಟ. ಏಟು ತಿಂದು ತಿಂದು ನನಗೆ ಹೊಟ್ಟೆ ಬಂತು, ಕೊರಳು ಬಂತು, ಕೊರಳಿಗೆ ಎರಡು ಕಡೆ ಬಳೆಗಳು ಬಂದವು. ಕೊನೆಗೆ ಅವನು ಉಳಿ ಹಿಡಿದು ಕೊರಳ ಸುತ್ತ ಅಕ್ಷರ ಕೊರೆದ: ‘ಮ್ಯಾಲಿನ ಓಣಿ ದೈವದವರ ಹಂಡೆ’. ನಮ್ಮ ಕಡೆ ಓಣಿಯ ಹಿರಿಯರನ್ನು ದೈವದವರು ಎಂದು ಕರೆಯುತ್ತಾರೆ. ನನಗೆ ಆಗ ಅದು ಗೊತ್ತಿರಲಿಲ್ಲ. ನಿಜವಾಗಿ ದೇವರ ಹಂಡೆಯೇ ಎಂದುಕೊಂಡು ಬಹಳ ದಿನ ಬೀಗಿದ್ದೆ.

ಮ್ಯಾಲಿನ ಓಣಿ ನೇಕಾರರ ಓಣಿ. ಮನೆಮನೆಯಲ್ಲೂ ಮಗ್ಗ. ಹಗಲೆಲ್ಲ ಖಟಾ ಪಟಾ ಸಪ್ಪಳ. ಓಣಿಯ ನಡುವೆ ಒಂದು ಗುಡಿ, ಗುಡಿಯ ಹಿಂದೆ ಒಂದು ಕೋಣೆ, ಆ ಕೋಣೆಯೇ ನನ್ನ ಮನೆ. ಲಗ್ನ, ಸೀಮಂತ, ತೊಟ್ಟಿಲು, ದಿನಕರ್ಮ, ಯಾರ ಮನೆಯಲ್ಲಿ ಏನಿದ್ದರೂ ನನ್ನನ್ನು ಉರುಳಿಸಿಕೊಂಡು ಹೋಗುತ್ತಿದ್ದರು. ಒಂದು ಕಟ್ಟಳೆ ಮಾತ್ರ ಇತ್ತು. ನನ್ನನ್ನು ಮರಳಿಸುವಾಗ ಖಾಲಿ ಮರಳಿಸುವಂತಿಲ್ಲ. ಒಂದು ಹಿಡಿ ಗೋದಿಯೋ, ಬೆಲ್ಲದ ತುಂಡೋ, ಏನೂ ಇಲ್ಲದವರು ಎರಡು ವೀಳ್ಯದೆಲೆಯೋ ಒಳಗೆ ಇಟ್ಟೇ ತರಬೇಕು. ಬರೀ ಭಾಂಡೆ ಕಳಿಸಿದರೆ ಮನೆಗೆ ಬರವಂತೆ. ನನಗೆ ಬರವೋ ಬರಕತ್ತೋ ಗೊತ್ತಿಲ್ಲ, ಆದರೆ ಹೊಟ್ಟೆಯಲ್ಲಿ ಏನಾದರೂ ಇಟ್ಟುಕೊಂಡು ಮನೆಗೆ ಬರುವುದು ಹಿತವಾಗಿತ್ತು.

ಓಣಿಯ ಲಗ್ನಗಳಿಗೆ ಅಡಿಗೆ ಮಾಡುತ್ತಿದ್ದವಳು ಹಾಲವ್ವ. ಗಂಡ ತೀರಿಕೊಂಡ ಮೇಲೆ ಅದೇ ಅವಳ ಹೊಟ್ಟೆಪಾಡು. ದೊಡ್ಡ ಮೈಯವಳು, ದೊಡ್ಡ ದನಿಯವಳು, ಹಣೆಯ ಮೇಲೆ ವಿಭೂತಿ, ಸೊಂಟಕ್ಕೆ ಬಿಗಿದ ಸೆರಗು. ನನ್ನನ್ನು ಒಲೆಗೇರಿಸುವ ಮುಂಚೆ ನನ್ನ ಹೊರಮೈಗೆಲ್ಲ ಕೆಮ್ಮಣ್ಣು ಕಲಸಿ ಸವರುತ್ತಿದ್ದಳು, ಮಸಿ ಹಿಡಿಯದಿರಲಿ ಎಂದು. ಸವರಿ ಮುಗಿದ ಮೇಲೆ ಗೆಣ್ಣಿನಿಂದ ನನ್ನ ಹೊಟ್ಟೆಗೆ ಟಕ್ಕೆಂದು ಬಡಿದು, ‘ಏಳು, ಕೆಲಸೈತಿ’ ಎನ್ನುತ್ತಿದ್ದಳು. ಅವಳು ಮಾಡಿದ ಗೋದಿ ಹುಗ್ಗಿ ತಿಂದವರು ಬೆರಳು ನೆಕ್ಕಿಕೊಂಡೇ ಏಳುತ್ತಿದ್ದರು. ಹುಗ್ಗಿ ಯಾರ ಮನೆಯದಾದರೂ ಹೆಸರು ಹಾಲವ್ವನದು. ನನಗೆ ಅದರಲ್ಲಿ ಪಾಲಿದೆ ಎಂದು ನಾನು ತಿಳಿದಿದ್ದೆ, ಈಗಲೂ ತಿಳಿದಿದ್ದೇನೆ.

ಒಂದು ವರ್ಷ ಮುಂಗಾರಿನ ಮೊದಲ ಮಳೆಗೆ ಗಟಾರು ತುಂಬಿ ಹರಿಯಿತು. ಗಟಾರಿನ ಪಕ್ಕದಲ್ಲೇ ನಳದ ಪೈಪು. ಎಲ್ಲಿ ಒಡೆದಿತ್ತೋ, ಏನು ಸೇರಿತೋ, ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಇವತ್ತು ಒಂದು ಮನೆ, ನಾಳೆ ನಾಲ್ಕು ಮನೆ. ಒಂದೊಂದೇ ಮಗ್ಗ ನಿಂತಿತು. ಆ ಓಣಿಯಲ್ಲಿ ಮಗ್ಗದ ಸಪ್ಪಳ ನಿಂತದ್ದನ್ನು ನಾನು ಅದೇ ಮೊದಲು ಕೇಳಿದ್ದು. ಕೋಣೆಯಲ್ಲಿ ಒಬ್ಬನೇ ಕುಳಿತಿದ್ದ ನನಗೆ ಭಯವಾಯಿತು.

ಆಸ್ಪತ್ರೆಯಿಂದ ರೋಜಿ ನರ್ಸಬಾಯಿ ಬಂದಳು. ತೆಳ್ಳಗಿನ ಹೆಂಗಸು, ಗುಡಿಯ ಕಟ್ಟೆಯ ಮುಂದೆ ಮಂದಿಯನ್ನು ಕೂಡಿಸಿ ಹೇಳಿದಳು. ಕಾಸಿ ಆರಿಸಿದ ನೀರು ಬಿಟ್ಟು ಬೇರೆ ನೀರು ಯಾರೂ ಬಾಯಿಗೆ ಹಾಕಬಾರದು. ಜಡ್ಡಾದವರಿಗೆ ಆ ನೀರಿನಲ್ಲಿ ಸಕ್ಕರೆ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು. ಇದನ್ನು ಮನೆಮನೆಗೆ ಮಾಡಲು ತನ್ನೊಬ್ಬಳಿಂದ ಆಗದು, ಓಣಿಯವರೇ ಸ್ವಯಂಸೇವಕರಾಗಿ ಬರಬೇಕು.

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಡ್ಡಿನ ಮನೆಗೆ ಕಾಲಿಡಲು ಯಾರಿಗೆ ಮನಸ್ಸು? ಹಿಂದಿನಿಂದ ಹಾಲವ್ವನ ದನಿ ಬಂತು.

‘ಸ್ವಯಂಸೇವಕರು ಅಂದ್ರ ಏನ್ರೀ ಬಾಯಾರ?’

‘ಪಗಾರ ಇಲ್ದ ಕೆಲಸ ಮಾಡೋರು, ಹಾಲವ್ವ.’

‘ಅಯ್ಯ, ಅದನ್ನ ನಾವು ಹೆಣಮಕ್ಕಳು ಹುಟ್ಟಿದಾಗಿಂದ ಮಾಡಾಕತ್ತೇವಿ. ನಾ ಬರ್ತೀನಿ, ಬರ್ರಿ.’

ಇನ್ನೊಬ್ಬ ಎದ್ದವನು ಕಲಾಯಿ ಖಾಜಾಸಾಬ. ಅವನು ಪಕ್ಕದ ಓಣಿಯವನು. ವರ್ಷಕ್ಕೊಮ್ಮೆ ನನ್ನ ಒಳಗೆಲ್ಲ ಕಲಾಯಿ ಹಾಕುತ್ತಿದ್ದವನು ಅವನೇ. ‘ಹಾಲವ್ವಕ್ಕ ನೀರು ಕಾಸಿದ್ರ ಹೊರಾಕ ಒಬ್ಬ ಬೇಕಲ್ಲ’ ಎಂದ, ಅಷ್ಟೆ.

ಬಾಳಪ್ಪನವರು ಅಂದು ಕಟ್ಟೆಯ ಮೇಲೆಯೇ ಕುಳಿತಿದ್ದರು. ಓಣಿಯ ಹಿರಿಯರಲ್ಲಿ ಹಿರಿಯರು. ಗುಡಿಯ ಪೂಜೆಯೂ ಅವರ ಮನೆತನದ್ದು, ಕೋಣೆಯ ಕೀಲಿಯೂ ಅವರ ಸೊಂಟದಲ್ಲಿ. ಕೀಲಿ ಬಿಚ್ಚಿ ಕೊಟ್ಟು, ‘ದೈವದವರ ಹಂಡೆ ತೊಗೊಂಡು ಹೋಗವಾ, ಓಣೀ ಮಾನ ಉಳಸು’ ಎಂದರು. ಅದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ನನಗೆ ಎರಡು ಕಿವಿ ಇವೆ, ಬಳೆ ಸಿಕ್ಕಿಸಿದವು.

ಗುಡಿಯ ಮುಂದಿನ ಬಯಲಲ್ಲಿ ಮೂರು ಕಲ್ಲಿನ ಒಲೆ ಹೂಡಿದರು. ಹಾಲವ್ವ ಕೆಮ್ಮಣ್ಣು ಸವರಿ ಟಕ್ಕೆಂದು ಬಡಿದಳು. ಹುಗ್ಗಿ, ಸಾರು, ಪಾಯಸ ಎಲ್ಲ ಕುದಿಸಿದವನು ನಾನು. ಬರೀ ನೀರು ಕುದಿಸುವುದು ನನಗೆ ಮೊದಲು ಸಪ್ಪೆ ಎನಿಸಿತು. ಆದರೆ ಅವಳು ಆ ನೀರನ್ನು ಕಾಯುತ್ತಿದ್ದ ರೀತಿ ನೋಡಿದರೆ ನೂರು ಲಗ್ನದ ಹುಗ್ಗಿಯನ್ನೂ ಅವಳು ಹಾಗೆ ಕಾಯ್ದಿರಲಿಲ್ಲ. ಕುದಿ ಬಂದ ಮೇಲೂ ಇಳಿಸುತ್ತಿರಲಿಲ್ಲ, ‘ಇನ್ನಷ್ಟು ಕೊತಕೊತ ಅನ್ಲಿ’ ಎನ್ನುತ್ತಿದ್ದಳು. ಆರಿದ ನೀರನ್ನು ಕೊಡಗಳಿಗೆ ತುಂಬಿ ಒಂದು ಅಳತೆ ಸಕ್ಕರೆ, ಚಿಟಿಕೆ ಚಿಟಿಕೆ ಉಪ್ಪು ಹಾಕಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ನರ್ಸಬಾಯಿ ಹೇಳಿಕೊಟ್ಟ ಅಳತೆ ಅದು: ಕಣ್ಣೀರಿಗಿಂತ ಉಪ್ಪು ಹೆಚ್ಚಾಗಬಾರದು. ‘ಆ ರುಚಿ ನನಗ ಗೊತ್ತೈತ್ರೀ’ ಎಂದಿದ್ದಳು ಹಾಲವ್ವ, ನಗುತ್ತಲೇ.

ಖಾಜಾಸಾಬ ಕೊಡ ಹೊತ್ತು ಬಾಗಿಲಿಗೆ ಇಡುತ್ತಿದ್ದ. ಒಳಗೆ ಹೋಗಿ ತಲೆ ಎತ್ತಿ ಹಿಡಿದು ಕುಡಿಸುತ್ತಿದ್ದವಳು ಹಾಲವ್ವ. ಹೊಲಸು ಬಳಿದಳು, ಸೀರೆ ಒಗೆದಳು, ಕುಡಿಯಲಾರೆ ಎಂದವರಿಗೆ ಬೈದು ಕುಡಿಸಿದಳು. ಜಡ್ಡು ಬಿದ್ದ ಮನೆಗಳಲ್ಲಿ ಅವಳ ಕೈಯ ಉಪ್ಪುನೀರು ಕುಡಿಯದ ಮನೆ ಇರಲಿಲ್ಲ. ಜಡ್ಡು ಇಳಿಯತೊಡಗಿತು. ಎರಡು ಮಗ್ಗ ಮತ್ತೆ ಸಪ್ಪಳ ಮಾಡಿದಾಗ ಅವಳು ಒಲೆಯ ಮುಂದೆ ಕುಳಿತು ಕಣ್ಣು ಒರೆಸಿಕೊಂಡಳು. ಹೊಗೆಗೆ ಎಂದು ಹೇಳಿದಳು.

ಆದರೆ ಒಂದು ನೀರು ಮಾತ್ರ ನನ್ನ ಹೊಟ್ಟೆಗೆ ಬರುತ್ತಿರಲಿಲ್ಲ. ಅದು ಗುಡಿಯ ತೀರ್ಥದ ನೀರು. ಬಾಳಪ್ಪನವರು ಬೆಳಗ್ಗೆ ಮಿಂದು, ಒದ್ದೆ ಪಂಚೆಯಲ್ಲೇ ನಳದಿಂದ ತಂಬಿಗೆ ತುಂಬಿಕೊಂಡು ನನ್ನ ಮುಂದೆಯೇ ಹೋಗುತ್ತಿದ್ದರು. ಹಾಲವ್ವ ಒಮ್ಮೆ ತಡೆದು ಹೇಳಿದಳು, ‘ಅದನ್ನೂ ಒಂದೀಟು ಕಾಸೂಣ್ರೀ’ ಎಂದು. ‘ದೇವರ ನೀರು ಕಾಸಿದ್ರ ಮಡಿ ಎಲ್ಲಿ ಉಳೀತು? ಒಲೀ ಮ್ಯಾಲಿನ ಎಸರನ್ನ ದೇವರಿಗೆ ಕೊಡ್ತಾರೇನು?’ ಎಂದು ಅವರು ಮುಂದೆ ನಡೆದರು. ಆ ಮಾತಿನಲ್ಲಿ ಕೇಡು ಇರಲಿಲ್ಲ. ಅವರಪ್ಪ, ಅವರಜ್ಜ ಹಾಗೆಯೇ ತುಂಬಿದ್ದರು. ಶುಕ್ರವಾರ ಎಲ್ಲರೂ ಸಾಲುಗಟ್ಟಿ ತೀರ್ಥ ತೆಗೆದುಕೊಂಡರು. ಜಡ್ಡು ಹೋಗಲಿ ಎಂದು ಕೆಲವರು ಎರಡೆರಡು ಸಲ ತೆಗೆದುಕೊಂಡರು.

ಮರುದಿನದಿಂದ ಜಡ್ಡು ತಿರುಗಿ ಎದ್ದಿತು. ಓಣಿಯ ಮುದುಕ ಸಾಂತಪ್ಪಜ್ಜ ಮಲಗಿದ. ಬಾಳಪ್ಪನವರ ಮಗಳು ಬನವ್ವ ಮಲಗಿದಳು.

ಮುಂಜಾನೆ ಬಾಳಪ್ಪನವರು ನನ್ನ ಒಲೆಯ ಹತ್ತಿರ ಬಂದು ನಿಂತರು. ಸುತ್ತ ಯಾರೂ ಇರಲಿಲ್ಲ, ಹಾಲವ್ವ ಒಬ್ಬಳೇ ಕಟ್ಟಿಗೆ ಮುಂದೂಡುತ್ತಿದ್ದಳು.

‘ಹಾಲವ್ವಾ, ಬನಿ ಕಣ್ಣ ಮ್ಯಾಲ ಮಾಡ್ಯಾಳ. ಹಿತ್ತಲ ಬಾಗಲಿಂದ ಬಾರವಾ. ಯಾರಿಗೂ ಗೊತ್ತಾಗೋದು ಬ್ಯಾಡ.’

‘ಜಡ್ಡಿಗೆ ಯಾತರ ನಾಚಿಕ್ರೀ?’

‘ಮುಂದಿನ ತಿಂಗಳು ಲಗ್ನ ಐತಿ. ಹಿರೇರ ಮನಿಗೇ ಜಡ್ಡು ಹೊಕ್ಕೈತಿ ಅಂದ್ರ ಬೀಗರು ತಿರುಗಿ ಹೋಗ್ತಾರ. ನಿನ್ನ ಕಾಲು ಹಿಡೀತೀನಿ.’

ಅವರು ಕಾಲು ಹಿಡಿಯಲಿಲ್ಲ, ಆದರೆ ಬಗ್ಗಿದ್ದು ನಿಜ. ಹಾಲವ್ವ ಹಿಂದೆ ಸರಿದಳು. ‘ನನ್ನ ಬಾಯಿಂದ ಹೊರಗ ಬರಂಗಿಲ್ಲ, ನಡೀರಿ’ ಎಂದಳು. ಎರಡು ದಿನ ಬನವ್ವನ ತಲೆ ಅವಳ ತೊಡೆಯ ಮೇಲೆಯೇ ಇತ್ತಂತೆ. ಹುಡುಗಿ ಉಳಿದಳು. ಸಾಂತಪ್ಪಜ್ಜ ಉಳಿಯಲಿಲ್ಲ. ವಯಸ್ಸಾದ ಜೀವ, ನೀರು ಒಳಗೆ ನಿಲ್ಲಲೇ ಇಲ್ಲ.

ಮಗಳು ಕಣ್ಣು ಬಿಟ್ಟ ದಿನ ಬಾಳಪ್ಪನವರು ಮತ್ತೆ ಬಂದರು. ಕಣ್ಣು ತುಂಬಿದ್ದವು. ‘ಅಕಿ ಲಗ್ನದ ಹುಗ್ಗಿ ನಿನ್ನ ಕೈಯಾಗಿಂದ ಆಗಬೇಕವಾ. ಬ್ಯಾರೆ ಯಾರಿಗೂ ಒಲಿ ಮುಟ್ಟಗೊಡಂಗಿಲ್ಲ’ ಎಂದರು. ಹಾಲವ್ವ, ‘ಹುಗ್ಗಿ ಆಮ್ಯಾಲಾತು, ಮೊದಲು ತೀರ್ಥದ್ದು ಹೇಳ್ರಿ’ ಎಂದಳು. ಅವರು ಸುತ್ತ ಒಮ್ಮೆ ನೋಡಿದರು. ಆಮೇಲೆ, ‘ಕಾಸಿದ್ದೇ ಕೊಡು. ಆದ್ರ ಹಿಂದಿನ ಬಾಗಲಿಗೆ ತಂದುಕೊಡು, ಯಾರೂ ನೋಡದಂಗ’ ಎಂದರು.

ಅಂದಿನಿಂದ ಗುಡಿಯ ತಂಬಿಗೆ ನನ್ನ ನೀರನ್ನು ತುಂಬಿಕೊಂಡು, ಹಾಲವ್ವನ ಸೆರಗಿನ ಕೆಳಗೆ ಮುಚ್ಚಿಕೊಂಡು ಗುಡಿಯ ಹಿಂಬಾಗಿಲಿಗೆ ಹೋಗತೊಡಗಿತು. ಕೊನೆಗೂ ನಾನು ದೇವರ ಹಂಡೆಯಾದೆ ಎಂದು ಹಿಗ್ಗಿದೆ. ಜಡ್ಡು ಪೂರ್ತಿ ನಿಂತದ್ದು ಆಮೇಲೆಯೇ.

ಹಿಂಬಾಗಿಲಿಗೂ ಕಣ್ಣುಗಳಿರುತ್ತವೆ. ಮುಚ್ಚಿದ ತಂಬಿಗೆ ಹಿಡಿದು ಹಾಲವ್ವ ಗುಡಿಯ ಹಿಂದೆ ಹೋಗುವುದನ್ನು ಯಾರೋ ನೋಡಿದರು. ಜಡ್ಡಿನ ಮನೆಯ ಹೊಲಸು ಬಳಿದ ಕೈ, ಗುಡಿಯ ನೀರಿನಲ್ಲಿ ಆ ಕೈಗೆ ಏನು ಕೆಲಸ? ಮಾತು ಬಾಯಿಂದ ಬಾಯಿಗೆ ಹೋಗುತ್ತ ಕಾಲು ಮೂಡಿಸಿಕೊಂಡಿತು. ಹಾಲವ್ವ ದೇವರ ನೀರು ಮುಟ್ಟಿದ್ದಕ್ಕೇ ಜಡ್ಡು ತಿರುಗಿ ಎದ್ದಿತಂತೆ. ಸಾಂತಪ್ಪಜ್ಜ ಅದಕ್ಕೇ ಸತ್ತನಂತೆ. ಅಜ್ಜ ಮಲಗಿದ್ದು ಮೊದಲು, ತಂಬಿಗೆ ಹೋಗಿದ್ದು ಆಮೇಲೆ. ಹಿಂದು ಮುಂದು ನೋಡುವ ವ್ಯವಧಾನ ಯಾರಿಗಿತ್ತು? ನಳದ ಪೈಪಿನ ಕಾಲರ್ ಹಿಡಿಯಲು ಬರುವುದಿಲ್ಲ, ಹಾಲವ್ವನ ಸೆರಗು ಹಿಡಿಯಬಹುದು.

ಜಡ್ಡು ನಳದ ನೀರಿನದೆಂಬ ನಿಜ ಗೊತ್ತಿದ್ದ ರೋಜಿ ನರ್ಸಬಾಯಿ ಅಷ್ಟು ಹೊತ್ತಿಗೆ ಬೇರೆ ಊರಿಗೆ ಬದಲಿಯಾಗಿ ಹೋಗಿದ್ದಳು. ಬಾಳಪ್ಪನವರು ಒಂದು ಮಾತು ಆಡಿದ್ದರೆ ಸಾಕಿತ್ತು. ಕಟ್ಟೆಯ ಮೇಲೆ ಕುಳಿತು, ‘ತಂಬಗಿ ತರಿಸಿದಾಂವ ನಾನು’ ಎಂದಿದ್ದರೆ ಮುಗಿಯುತ್ತಿತ್ತು. ಅವರ ಮುಂದೆಯೇ ಮಂದಿ ಈ ಮಾತು ಆಡಿದರು. ಅವರು ಅಡಿಕೆ ಕತ್ತರಿಸುತ್ತ, ‘ಇರಲಿ ಬಿಡ್ರಪಾ, ಆದದ್ದು ಆತು’ ಎಂದರು. ಆ ಮಾತು ಕ್ಷಮಿಸಿದವರ ಮಾತಿನ ಹಾಗೆ ಕೇಳಿಸಿತು. ನನ್ನ ಹೊಟ್ಟೆ ಉರಿಯಿತು, ಕೆಳಗೆ ಒಲೆ ಇರದಿದ್ದರೂ. ಜಡ್ಡು ನಿಂತ ಮೇಲೆ ಊರಿನ ದೊಡ್ಡವರು ಬಂದು, ಓಣಿ ಜಡ್ಡನ್ನು ಗೆದ್ದಿತೆಂದು ಬಾಳಪ್ಪನವರಿಗೆ ಶಾಲು ಹೊದಿಸಿ ಹೋದರು. ಅದನ್ನೂ ಅವರು ಹೊದ್ದುಕೊಂಡರು.

ಬನವ್ವನ ಲಗ್ನ ಹತ್ತಿರ ಬಂತು. ನನ್ನನ್ನು ಹೊರಗೆ ತೆಗೆದರು. ಜಡ್ಡಿನ ನೀರು ಕಾಸಿದ ಹಂಡೆ ಲಗ್ನಕ್ಕೆ ಆದೀತೇ ಎಂದು ಯಾರೋ ಕೇಳಿದರು. ಅದಕ್ಕೆ ಖಾಜಾಸಾಬನನ್ನು ಕರೆಸಿದರು. ಅವನನ್ನು ಓಣಿ ಏನೂ ಅನ್ನಲಿಲ್ಲ. ಅವನನ್ನು ಮೊದಲೂ ಯಾರೂ ಅಡಿಗೆಮನೆಗೆ ಕರೆಯುತ್ತಿರಲಿಲ್ಲ, ಹಾಗಾಗಿ ಹೊರಗಿಡುವ ಪ್ರಶ್ನೆಯೂ ಬರಲಿಲ್ಲ.

ಅವನು ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕಿದ, ಬೆಂಕಿಗೆ ಹಿಡಿದ, ನವಸಾಗರದ ಪುಡಿ ಉದುರಿಸಿದ, ತವರ ಸವರಿ ಅರಳೆಯಿಂದ ಉಜ್ಜಿದ. ನನ್ನ ಒಳಗೆಲ್ಲ ಬೆಳ್ಳಿಯಂತೆ ಬೆಳ್ಳಗಾಯಿತು. ನಿಂತು ನೋಡುತ್ತಿದ್ದ ಬಾಳಪ್ಪನವರು, ‘ಹಾಂ, ಈಗ ಚೊಕ್ಕಾತು’ ಎಂದರು.

ಖಾಜಾಸಾಬ ಅರಳೆ ಕೆಳಗಿಟ್ಟ. ‘ಇದು ಮೊದಲೂ ಚೊಕ್ಕಽ ಇತ್ರೀ. ಕುದಿಯೋ ನೀರಿನಾಗ ಜಡ್ಡು ನಿಲ್ಲಂಗಿಲ್ಲ. ಹಾಕಂದ್ರಿ, ಹಾಕೀನಿ. ಹಂಡೇದ್ದು ಮುಗೀತು. ಹಾಲವ್ವಕ್ಕಂದು ಏನು ಮಾಡ್ತೀರಿ?’

ಬಾಳಪ್ಪನವರು ಕಲಾಯಿಯ ರೊಕ್ಕ ಎಣಿಸಿ ಅವನ ಕೈಗಿಟ್ಟರು.

ಲಗ್ನದ ಹಿಂದಿನ ದಿನ ಹಂದರದ ಹಿಂದೆ ಒಲೆ ಹೂಡಿದ್ದರು. ಹಾಲವ್ವ ಬಂದಳು. ತಲೆಗೆ ಎರೆದುಕೊಂಡಿದ್ದಳು, ಒಗೆದ ಸೀರೆ, ಹಣೆಯ ತುಂಬ ವಿಭೂತಿ. ಹುಗ್ಗಿ ತಿರುವುವ ಕಟ್ಟಿಗೆಯ ಹುಟ್ಟನ್ನು ಬಟ್ಟೆಯಲ್ಲಿ ಸುತ್ತಿ ಬಗಲಲ್ಲಿ ಹಿಡಿದಿದ್ದಳು. ಓಣಿಯ ಮಾತು ಅವಳ ಕಿವಿಗೂ ಬಿದ್ದಿತ್ತು, ಆದರೆ ಬಾಳಪ್ಪನವರ ಮಾತು ಅದಕ್ಕಿಂತ ದೊಡ್ಡದು ಎಂದು ನಂಬಿದ್ದಳು. ನಾನೂ ನಂಬಿದ್ದೆ. ಒಲೆಯ ಮುಂದೆ ಪರವೂರಿನ ಇಬ್ಬರು ಅಡಿಗೆಯವರು ಬೆಲ್ಲ ಕುಟ್ಟುತ್ತಿದ್ದರು. ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ನನಗೆ ಕೆಮ್ಮಣ್ಣು ಸವರಿರಲಿಲ್ಲ. ಹಾಗೆಯೇ ಬೆಂಕಿಗೆ ಏರಿಸಿದ್ದರು.

ಬಾಳಪ್ಪನವರು ಲಗುಬಗೆಯಿಂದ ಬಂದರು. ಹತ್ತು ಮಾರು ದೂರದಲ್ಲಿ ಬೀಗರು ಚಾಪೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಓಣಿಯ ಹೆಂಗಸರೆಲ್ಲ ಕಾಯಿಪಲ್ಯ ಹೆಚ್ಚುತ್ತಿದ್ದರು. ಈಳಿಗೆಯ ಸಪ್ಪಳ ನಿಂತಿತು.

‘ತಪ್ಪು ತಿಳ್ಕೋಬ್ಯಾಡ ಹಾಲವ್ವ. ಬೀಗರು ಒಪ್ಪಲಿಲ್ಲ. ನೀ ಜಡ್ಡಿನ ಮನಿಯೊಳಗೆಲ್ಲಾ ಓಡಾಡಿದಾಕಿ. ನಾಳೆ ಊಟಕ್ಕ ಬಾ, ಆ ಕಡೆ ಎಲಿ ಹಾಕಸ್ತೀನಿ.’

ಹಾಲವ್ವ ಬಗಲಿನ ಗಂಟನ್ನು ಬಿಗಿಯಾಗಿ ಹಿಡಿದಳು. ‘ಯಾರ್ಯಾರ ಮನಿಯಾಗ ಓಡಾಡೇನಿ, ನಿಮಗ ಗೊತ್ತೈತ್ರೀ’ ಎಂದಳು. ದೊಡ್ಡ ದನಿಯ ಹೆಂಗಸು, ಆ ಮಾತನ್ನು ಎಷ್ಟು ಸಣ್ಣಗೆ ಆಡಿದಳೆಂದರೆ ನನಗೂ ಅವರಿಗೂ ಬಿಟ್ಟು ಮೂರನೆಯವರಿಗೆ ಕೇಳಿಸಲಿಲ್ಲ.

ಹಿತ್ತಲ ಬಾಗಿಲಲ್ಲಿ ಬನವ್ವ ನಿಂತಿದ್ದಳು, ಅರಿಶಿಣ ಮೈಯ ಮದುಮಗಳು. ಹಾಲವ್ವ ಆ ಕಡೆ ನೋಡಿದಳು. ಬಾಯಿ ತೆರೆದಿದ್ದರೆ ಆಗಲೇ ಎಲ್ಲ ಮುಗಿದುಹೋಗುತ್ತಿತ್ತು, ತನ್ನ ಮೇಲಿನ ಅಪವಾದವೂ, ಆ ಹುಡುಗಿಯ ಲಗ್ನವೂ. ಅವಳು ಕಾದಳು. ತಾನು ಹೇಳದಿದ್ದರೂ ಬೇರೆ ಯಾರಾದರೂ ಹೇಳಿಯಾರು ಎಂದು ಕಾದಳು. ‘ಇರಲ್ರೀ, ಆಕೀನೇ ಮಾಡಲಿ’ ಎಂಬ ಒಂದು ಮಾತು ಬನವ್ವನ ಬಾಯಿಂದ ಬಂದಿದ್ದರೂ ಸಾಕಿತ್ತು. ಬನವ್ವ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ಈಳಿಗೆಗಳು ಮತ್ತೆ ಸಪ್ಪಳ ಮಾಡತೊಡಗಿದವು. ಅಲ್ಲಿದ್ದ ಒಬ್ಬೊಬ್ಬ ಹೆಂಗಸಿನ ಮಕ್ಕಳಿಗೂ ಅವಳು ತಲೆ ಹಿಡಿದು ಉಪ್ಪುನೀರು ಕುಡಿಸಿದ್ದಳು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಾರೆ. ಈ ಓಣಿಗೆ ಮುಂದಿನ ತಿಂಗಳ ತನಕವೂ ನೆನಪಿರಲಿಲ್ಲ.

ಹಾಲವ್ವ ಹೋದಳು. ನಾನು ಅಲ್ಲೇ ಇದ್ದೆ, ಒಲೆಯ ಮೇಲೆ. ಇದನ್ನು ಹೇಳುವಾಗ ನನಗೆ ಇಂದಿಗೂ ನಾಚಿಕೆ. ಒಂದು ಬಿರುಕು ಬಿಟ್ಟುಕೊಂಡು ಹುಗ್ಗಿಯನ್ನೆಲ್ಲ ಬೂದಿಗೆ ಸುರಿದುಬಿಡಬೇಕು ಎನಿಸಿತ್ತು. ಆದರೆ ಮೌನೇಶಪ್ಪ ನನ್ನನ್ನು ಗಟ್ಟಿಯಾಗಿ ಬಡಿದಿದ್ದ. ಹುಗ್ಗಿ ಬೆಂದಿತು, ಮಂದಿ ಉಂಡರು, ತಳ ಸ್ವಲ್ಪ ಹತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ನನ್ನ ಮೈಗೆ ಹತ್ತಿದ ಮಸಿ ಆಮೇಲೆ ಎಷ್ಟು ತಿಕ್ಕಿದರೂ ಪೂರ್ತಿ ಹೋಗಲಿಲ್ಲ. ಬಾಳಪ್ಪನವರ ಮನೆಯಿಂದ ನನ್ನನ್ನು ಮರಳಿಸುವಾಗ ಒಳಗೆ ಒಂದು ಕಾಳು ಕೂಡ ಇರಲಿಲ್ಲ. ಗಡಿಬಿಡಿಯಲ್ಲಿ ಮರೆತರು ಎಂದು ಅಂದುಕೊಳ್ಳಲು ಬಹಳ ಪ್ರಯತ್ನಿಸಿದೆ.

ಆಮೇಲೆ ಓಣಿಯ ಯಾವ ಮನೆಯೂ ಹಾಲವ್ವನನ್ನು ಅಡಿಗೆಗೆ ಕರೆಯಲಿಲ್ಲ. ಹಿರಿಯರೇ ಬಿಟ್ಟ ಮೇಲೆ ಉಳಿದವರದ್ದೇನು? ಅವಳು ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ ಎಂದು ಖಾಜಾಸಾಬ ಕಲಾಯಿ ಹಾಕಲು ಬಂದಾಗ ಹೇಳುತ್ತಿದ್ದ. ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ತಿಳಿಯದು. ಅವನ ಮುಂದೆಯೂ ಅವಳು ಬನವ್ವನ ಜಡ್ಡಿನ ಮಾತು ಎತ್ತಿರಲಿಲ್ಲ. ಕೊಟ್ಟ ಮಾತು ಎರಡು ಇದ್ದವು, ಅವಳದೊಂದು, ಬಾಳಪ್ಪನವರದೊಂದು. ಉಳಿದದ್ದು ಅವಳದು.

ಕಾಲ ಹೋಯಿತು. ಸ್ಟೀಲಿನ ಡಬರಿಗಳು ಬಂದವು, ಶಾಮಿಯಾನದವರು ಪಾತ್ರೆ ಸಮೇತ ಬರತೊಡಗಿದರು. ಖಾಜಾಸಾಬ ತೀರಿಕೊಂಡ, ಅವನ ಹಿಂದೆ ಕಲಾಯಿ ಹಾಕುವವರು ಯಾರೂ ಬರಲಿಲ್ಲ. ನನ್ನ ಒಳಗೆ ಕಿಲುಬು ಹಿಡಿಯಿತು. ಮೊನ್ನೆ ಗುಡಿಯ ಕೋಣೆಗೆ ಹೊಸ ಬಣ್ಣ ಹಚ್ಚುವಾಗ ನನ್ನನ್ನು ಹಳೆ ಸಾಮಾನು ಕೊಳ್ಳುವ ಮೋಡ್ಕಾದವನಿಗೆ ಕೊಟ್ಟುಬಿಡುವುದೆಂದು ಹಿರಿಯರು ಮಾತಾಡಿಕೊಂಡರು.

ಗಾಡಿಗೆ ಏರಿಸಿದ್ದರು. ಕಟ್ಟೆಯ ಮೇಲೆ ಬಾಳಪ್ಪನವರು ಕುಳಿತಿದ್ದರು, ಹಣ್ಣಾದ ಮುದುಕ, ಹೆಗಲ ಮೇಲೆ ಅದೇ ಹಳೆಯ ಶಾಲು. ಆಗ ಓಣಿಯ ತುದಿಯಿಂದ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಮೈ ಇಳಿದಿತ್ತು, ಹಣೆಯ ವಿಭೂತಿ ಮಾತ್ರ ಹಾಗೆಯೇ ಇತ್ತು. ಗಾಡಿಯ ಹತ್ತಿರ ನಿಂತು ಗೆಣ್ಣಿನಿಂದ ನನ್ನ ಹೊಟ್ಟೆಗೆ ಟಕ್ಕೆಂದು ಬಡಿದಳು. ನಾನು ಗುರುತಿಸಿದೆ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಸಕ್ಕರೆ ಒಳಗೆ ಹಾಕಿದಳು, ಆಮೇಲೆ ಒಂದು ಚಿಟಿಕೆ ಉಪ್ಪು.

‘ಏನವಾ ಅದು?’ ಎಂದ ಮೋಡ್ಕಾದವನು.

‘ಏನಿಲ್ಲಪಾ. ಬರೇ ಭಾಂಡೆ ಕಳಸಬಾರದು’ ಎಂದಳು.

ಬಾಳಪ್ಪನವರು ಅವಳನ್ನು ನೋಡಿದರು, ಅವಳ ಕೈಯನ್ನು ನೋಡಿದರು. ಅವರ ತುಟಿ ಅಲುಗಿತು. ಇಷ್ಟು ವರ್ಷದ ಮೇಲಾದರೂ ಆ ಒಂದು ಮಾತು ಬಂದೀತೆಂದು ನಾನು ಗಾಡಿಯ ಮೇಲಿಂದ ಕಾದೆ. ಅವರು ಶಾಲನ್ನು ಸರಿ ಮಾಡಿಕೊಂಡು ಗುಡಿಯ ಕಡೆ ತಿರುಗಿ ಕುಳಿತರು. ಹಾಲವ್ವ ಅವರತ್ತ ನೋಡಲೂ ಇಲ್ಲ. ಅವಳು ಬಂದದ್ದು ನನಗಾಗಿ.

ಈಗ ಇಲ್ಲಿ ಹರಿದ ತಗಡಿನ ಪತ್ರಾಸುಗಳ ನಡುವೆ, ಮುರಿದ ಸೈಕಲ್ಲಿನ ಪಕ್ಕ ಬಿದ್ದಿದ್ದೇನೆ. ನಾಳೆಯೋ ನಾಡಿದ್ದೋ ಕರಗಿಸುತ್ತಾರೆ. ಕೊರಳ ಸುತ್ತಿನ ‘ದೈವದವರ ಹಂಡೆ’ ಎಂಬ ಅಕ್ಷರವೂ ಕರಗುತ್ತದೆ, ಅದಕ್ಕೆ ನನಗೆ ದುಃಖವಿಲ್ಲ. ನಿನ್ನೆ ಇರುವೆಗಳು ಸಾಲುಗಟ್ಟಿ ಬಂದು ಸಕ್ಕರೆಯನ್ನೆಲ್ಲ ಹೊತ್ತುಕೊಂಡು ಹೋದವು. ಉಪ್ಪು ಹಾಗೆಯೇ ಇದೆ.